ಸೋಲು ಕಾಣದ ಒಂದು ಋತು



ಆಟದ ವಿಷಯವನ್ನು ಕುರಿತು ಗಂಭೀರವಾಗಿ ಮಾತನಾಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಇಪ್ಪತ್ತೆರಡು ಮಂದಿ ಒಂದು ಚೆಂಡಿನ ಬೆನ್ನುಹತ್ತಿ ಓಡುತ್ತಾರೆ. ಹೊತ್ತು ಮುಗಿದೊಡನೆ ಮನೆಗೆ ಹೋಗುತ್ತಾರೆ. ಇದರಲ್ಲಿ ಚರ್ಚೆಗೆ ಎಡೆಯೆಲ್ಲಿ ಎಂದು ಕೇಳಬಹುದು. ಆದರೆ ಆಟವೆಂಬುದು ಆಡುವವರಿಗಷ್ಟೇ ಸೇರಿದ್ದಲ್ಲ. ಅದನ್ನು ಆಡಲು ಬಿಡುವು ಯಾರಿಗಿದೆ, ಅದಕ್ಕೆ ಹಣ ಯಾರು ಕೊಡುತ್ತಾರೆ, ಗೆದ್ದ ಕೀರ್ತಿ ಯಾರಿಗೆ ಸಲ್ಲುತ್ತದೆ ಎಂದು ವಿಚಾರಿಸಿದರೆ, ಒಂದು ಸಮಾಜದ ಒಳಗನ್ನೇ ಕಂಡಂತಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, 1888ನೆಯ ಇಸವಿಯ ಸೆಪ್ಟೆಂಬರಿನಿಂದ 1889ರ ವಸಂತದವರೆಗೆ ನಡೆದ ಒಂದು ಕಾಲ್ಚೆಂಡಾಟದ ಋತುವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ಆ ಋತುವಿನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಎಂಬ ತಂಡವು ಒಂದು ಪಂದ್ಯವನ್ನೂ ಸೋಲದೆ ಪ್ರಪಂಚದ ಮೊಟ್ಟಮೊದಲನೆಯ ಲೀಗನ್ನು ಗೆದ್ದಿತು. ಆ ತಂಡವನ್ನು ಕಟ್ಟಿದ ಮನುಷ್ಯನು ಏಳು ವರ್ಷಗಳೊಳಗಾಗಿ ಸೆರೆಮನೆಯನ್ನು ಸೇರಿದನು. ಈ ಎರಡು ಸಂಗತಿಗಳೂ ಒಂದೇ ಕಥೆಯ ಎರಡು ತುದಿಗಳು.

ಪ್ರೆಸ್ಟನ್ ಎಂಬುದು ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲಂಕಾಷೈರ್ ಪ್ರಾಂತದ ಊರು. ನೂಲುವ ಯಂತ್ರದಿಂದ ಹೆಸರಾದ ರಿಚರ್ಡ್ ಆರ್ಕ್‌ರೈಟ್ 1732ರಲ್ಲಿ ಹುಟ್ಟಿದ್ದು ಇಲ್ಲಿಯೇ. ಲಂಕಾಷೈರಿನ ಬಟ್ಟೆಯ ಹೆಸರು ನಮ್ಮ ದೇಶದವರಿಗೆ ಹೊಸದಲ್ಲ. ಅಲ್ಲಿಯ ಗಿರಣಿಗಳ ಸದ್ದು ಹೆಚ್ಚಿದಂತೆಲ್ಲ ಇಲ್ಲಿಯ ಕೈಮಗ್ಗಗಳ ಸದ್ದು ಉಡುಗುತ್ತ ಬಂದುದನ್ನು ನಮ್ಮ ಹಿರಿಯರು ಕಂಡುಂಡವರು. ಆದರೆ ಆ ಗಿರಣಿಗಳಲ್ಲಿ ದುಡಿಯುತ್ತಿದ್ದವರೇನೂ ಸುಖಪುರುಷರಲ್ಲ. 1854ರಲ್ಲಿ ಪ್ರೆಸ್ಟನ್ನಿನ ನೇಕಾರರ ಮುಷ್ಕರವನ್ನು ಕಣ್ಣಾರೆ ನೋಡಲು ಚಾರ್ಲ್ಸ್ ಡಿಕನ್ಸ್ ಆ ಊರಿಗೆ ಹೋಗಿದ್ದನು. ‘ಹಾರ್ಡ್ ಟೈಮ್ಸ್’ ಎಂಬ ಅವನ ಕಾದಂಬರಿ ಅದೇ ವರ್ಷ ಹೊರಬಂದಿತು. ಹೊಗೆ, ದೂಳು, ಮುಂಜಾನೆಯ ಕೊಂಬಿನ ಕೂಗು, ವಾರದ ಬಟವಾಡೆ, ಇವುಗಳ ನಡುವೆ ಆ ಜನರ ಬಾಳು ಸಾಗುತ್ತಿತ್ತು.

ಅಂತಹವರಿಗೆ ಆಟದ ಬಿಡುವು ಎಲ್ಲಿಂದ ಬಂತು? ಅದು ಶಾಸನದಿಂದ ಬಂತು. 1850ರ ಕಾರ್ಖಾನೆ ಕಾಯಿದೆಯ ಪ್ರಕಾರ ಬಟ್ಟೆಯ ಗಿರಣಿಗಳಲ್ಲಿ ಹೆಂಗಸರೂ ಎಳೆಯ ವಯಸ್ಸಿನವರೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಬೇಕಾಯಿತು. ಅವರಿಲ್ಲದೆ ಗಿರಣಿ ನಡೆಯುವಂತಿರಲಿಲ್ಲ. ಆದುದರಿಂದ ಗಂಡಸರಿಗೂ ಕ್ರಮೇಣ ಅರ್ಧದಿನದ ರಜಾ ದೊರೆಯಿತು. ವಾರಕ್ಕೆ ಒಂದು ಮಧ್ಯಾಹ್ನ, ಕೈಯಲ್ಲಿ ನಾಲ್ಕು ಕಾಸು, ಊರೂರಿಗೆ ಓಡುವ ರೈಲು: ಇಷ್ಟು ಸೇರಿದಾಗ ಕಾಲ್ಚೆಂಡಾಟಕ್ಕೆ ಪ್ರೇಕ್ಷಕರು ಸಿದ್ಧರಾದರು.

ಆಟದ ನಿಯಮಗಳನ್ನು ಬರೆದವರು ಮಾತ್ರ ಬೇರೆಯವರು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಮಂಡಲಿಯನ್ನು ಸ್ಥಾಪಿಸಿದವರು ದೊಡ್ಡ ದೊಡ್ಡ ಶಾಲೆಗಳಲ್ಲಿ ಓದಿದ ಶ್ರೀಮಂತ ಮನೆತನದವರು. ಆ ಮಂಡಲಿಯ ಕಪ್ಪಿಗಾಗಿ 1872ರಿಂದ 1882ರವರೆಗೆ ಹನ್ನೊಂದು ಅಂತಿಮ ಪಂದ್ಯಗಳು ನಡೆದುವು. ಹನ್ನೊಂದನ್ನೂ ದಕ್ಷಿಣದ ತಂಡಗಳೇ ಗೆದ್ದುವು. ಅವರಿಗೆ ಆಟವೆಂದರೆ ಬಿಡುವಿನ ಬಿನದ. ಆಡಿದ್ದಕ್ಕೆ ಹಣ ತೆಗೆದುಕೊಳ್ಳುವುದು ಅವರ ದೃಷ್ಟಿಯಲ್ಲಿ ಹೀನವಾದ ಕೆಲಸ. ಆದರೆ 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಲಂಕಾಷೈರಿನ ತಂಡವು, ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು, ಹೆಚ್ಚಿನ ವೇಳೆಯವರೆಗೆ ಹೋರಾಡಿ, ಒಂದಕ್ಕೆ ಎರಡು ಗೋಲುಗಳಿಂದ ಸೋಲಿಸಿತು. ಗೆದ್ದವರಲ್ಲಿ ನೇಕಾರರಿದ್ದರು, ನೂಲುಗಾರನಿದ್ದನು, ಕಬ್ಬಿಣದ ಕೆಲಸದವನಿದ್ದನು. ಕಪ್ಪು ಉತ್ತರಕ್ಕೆ ಹೋಯಿತು. ಅದರೊಡನೆ ಹಣದ ಪ್ರಶ್ನೆಯೂ ಎದ್ದಿತು.

ಪ್ರಶ್ನೆ ಸರಳವಾದುದು. ಜಹಗೀರು ಇದ್ದವನು ಹಣವಿಲ್ಲದೆ ಆಡಬಲ್ಲನು. ಗಿರಣಿಯ ಕೆಲಸಗಾರನು ದೂರದ ಊರಿಗೆ ಆಟಕ್ಕೆ ಹೋದರೆ ಅವನ ಕೂಲಿ ಮುರಿಯುತ್ತದೆ. ಕಾಲು ಮುರಿದರೆ ಮನೆಯ ಒಲೆಯೇ ಆರುತ್ತದೆ. ಆದುದರಿಂದ ಉತ್ತರದ ಕ್ಲಬ್ಬುಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದುವು; ಇಲ್ಲವೆ, ಯಾವುದಾದರೂ ಗಿರಣಿಯಲ್ಲಿ ಹೆಸರಿಗೆ ಒಂದು ಕೆಲಸ ಕೊಡಿಸುತ್ತಿದ್ದುವು. ಎಲ್ಲರಿಗೂ ತಿಳಿದಿದ್ದ ಗುಟ್ಟು ಅದು. ಬಾಯಿಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಬಾಯಿಬಿಟ್ಟು ಹೇಳಿದವನು ಪ್ರೆಸ್ಟನ್ನಿನ ವಿಲಿಯಂ ಸೂಡೆಲ್. ಒಂದು ಹತ್ತಿಗಿರಣಿಯ ವ್ಯವಸ್ಥಾಪಕನಾಗಿದ್ದ ಈತನು ಸ್ವಯಂಸೇವಕ ಸೈನ್ಯದಲ್ಲಿ ಪಡೆದ ಹುದ್ದೆಯಿಂದ ‘ಮೇಜರ್ ಸೂಡೆಲ್’ ಎಂದು ಕರೆಯಿಸಿಕೊಳ್ಳುತ್ತಿದ್ದನು. ತನ್ನ ಊರಿನ ಕ್ಲಬ್ಬನ್ನು ದೇಶದಲ್ಲಿಯೇ ಮೇಲೆಂದು ಎನಿಸಬೇಕೆಂಬುದು ಇವನ ಹಂಬಲ. ಕಾಲ್ಚೆಂಡಿನ ಕುಶಲಿಗರು ಆಗ ಹೆಚ್ಚಾಗಿ ಇದ್ದುದು ಸ್ಕಾಟ್ಲೆಂಡಿನಲ್ಲಿ. ಇಂಗ್ಲಿಷರು ಚೆಂಡನ್ನು ತಾವೇ ಉರುಳಿಸಿಕೊಂಡು ಮುನ್ನುಗ್ಗುತ್ತಿದ್ದ ಕಾಲದಲ್ಲಿ ಸ್ಕಾಟರು ಒಬ್ಬರಿಂದೊಬ್ಬರಿಗೆ ಚೆಂಡನ್ನು ದಾಟಿಸುತ್ತ ಹೋಗುವ ಜಾಣ್ಮೆಯನ್ನು ಕಲಿತಿದ್ದರು. ಸೂಡೆಲ್ ಅವರನ್ನು ಕರೆತಂದನು, ಕೆಲಸ ಕೊಡಿಸಿದನು, ಸಂಬಳವನ್ನೂ ಕೊಟ್ಟನು. 1884ರ ಜನವರಿಯಲ್ಲಿ ಕಪ್ಪಿನ ಪಂದ್ಯವೊಂದರಲ್ಲಿ ಲಂಡನ್ನಿನ ಅಪ್ಟನ್ ಪಾರ್ಕ್ ಎಂಬ ತಂಡದೊಡನೆ ಆಟ ಸಮವಾಯಿತು. ಎದುರಾಳಿಗಳು, ಪ್ರೆಸ್ಟನ್ನಿನವರು ಹಣ ಪಡೆದ ಆಟಗಾರರನ್ನು ಇಳಿಸಿದ್ದಾರೆಂದು ದೂರಿತ್ತರು. ಮಂಡಲಿಯ ಮುಂದೆ ನಿಂತ ಸೂಡೆಲ್ ಅದನ್ನು ಅಲ್ಲಗಳೆಯಲಿಲ್ಲ. ಹಣ ಕೊಡುವುದು ಹೌದು, ಇತರರೂ ಕೊಡುತ್ತಾರೆ ಎಂದುಬಿಟ್ಟನು. ಪ್ರೆಸ್ಟನ್ ತಂಡವನ್ನು ಆ ವರ್ಷದ ಸ್ಪರ್ಧೆಯಿಂದ ಹೊರಗೆ ಹಾಕಿದರು. ಆದರೆ ಮುಚ್ಚಿದ್ದ ಮಡಕೆಯ ಮುಚ್ಚಳ ತೆರೆದಾಗಿತ್ತು. ಉತ್ತರದ ಅನೇಕ ಕ್ಲಬ್ಬುಗಳು ಬೇರೆಯೇ ಮಂಡಲಿ ಕಟ್ಟುವುದಾಗಿ ಬೆದರಿಸಿದುವು. ಕೊನೆಗೆ 1885ರ ಜುಲೈ 20ರಂದು, ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟು, ಹಣ ಪಡೆದು ಆಡುವುದು ನ್ಯಾಯಸಮ್ಮತವೆಂದು ಮಂಡಲಿ ಒಪ್ಪಿಕೊಂಡಿತು.

ಇದರಿಂದ ಒಂದು ತೊಡಕು ಹರಿಯಿತು, ಮತ್ತೊಂದು ಹುಟ್ಟಿಕೊಂಡಿತು. ಸಂಬಳವನ್ನು ವಾರವಾರವೂ ಕೊಡಬೇಕು. ಆದರೆ ವಾರವಾರವೂ ಆಟ ನಡೆಯುವ ಭರವಸೆಯಿಲ್ಲ. ಕ್ಲಬ್ಬುಗಳು ತಮ್ಮ ತಮ್ಮಲ್ಲಿ ಗೊತ್ತುಮಾಡಿಕೊಂಡ ಸ್ನೇಹದ ಪಂದ್ಯಗಳು, ಎದುರಾಳಿಗೆ ಕಪ್ಪಿನ ಪಂದ್ಯವೊಂದು ಬಂದರೆ ರದ್ದಾಗುತ್ತಿದ್ದುವು. ಜನ ಬಂದು ಬಾಗಿಲಲ್ಲಿ ನಿಂತು ಹಿಂದಿರುಗುತ್ತಿದ್ದರು. ಒಂದು ವೇಳೆ ಆಟ ನಡೆದರೂ, ಬಲಾಢ್ಯರು ಬಲಹೀನರನ್ನು ಹಣ್ಣುಗಾಯಿ ಮಾಡುವುದನ್ನು ಎಷ್ಟು ದಿನ ನೋಡುವುದು? 1887ರ ಅಕ್ಟೋಬರಿನಲ್ಲಿ ಕಪ್ಪಿನ ಪಂದ್ಯವೊಂದರಲ್ಲಿ ಪ್ರೆಸ್ಟನ್ ತಂಡವು ಹೈಡ್ ಎಂಬ ತಂಡದ ಮೇಲೆ 26 ಗೋಲುಗಳನ್ನು ಹೊಡೆಯಿತು, ಹೈಡಿನವರದು ಸೊನ್ನೆ.

ಈ ಅವ್ಯವಸ್ಥೆಗೆ ಮದ್ದು ಕಂಡುಹಿಡಿದವನು ಒಬ್ಬ ಬಟ್ಟೆ ವ್ಯಾಪಾರಿ. ಸ್ಕಾಟ್ಲೆಂಡಿನ ಪರ್ತ್‌ಷೈರಿನಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮಿನಲ್ಲಿ ಅಂಗಡಿಯಿಟ್ಟು, ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತದಲ್ಲಿ ಸೇರಿದ್ದ ವಿಲಿಯಂ ಮೆಕ್‌ಗ್ರೆಗರ್ ಎಂಬಾತನು 1888ರ ಮಾರ್ಚಿ 2ರಂದು ಕೆಲವು ಕ್ಲಬ್ಬುಗಳಿಗೆ ಕಾಗದ ಬರೆದನು. ಪ್ರಸಿದ್ಧವಾದ ಹತ್ತು ಹನ್ನೆರಡು ಕ್ಲಬ್ಬುಗಳು ಒಂದುಗೂಡಿ, ಪ್ರತಿಯೊಂದೂ ಪ್ರತಿಯೊಂದರೊಡನೆ ತನ್ನ ಊರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡತಕ್ಕದ್ದೆಂಬುದೇ ಅವನ ಸಲಹೆಯ ತಿರುಳು. ಮಾರ್ಚಿ 23ರಂದು ಲಂಡನ್ನಿನ ಆಂಡರ್‌ಟನ್ ಹೋಟೆಲಿನಲ್ಲಿಯೂ ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿಯೂ ಸಭೆಗಳು ಸೇರಿದುವು. ಹೆಸರಿನ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ‘ಲೀಗ್’ ಎಂಬ ಮಾತು ಆ ಕಾಲದಲ್ಲಿ ಐರ್ಲೆಂಡಿನ ರೈತರ ಚಳವಳಿಯನ್ನು ನೆನಪಿಗೆ ತರುತ್ತಿದ್ದುದರಿಂದ ಮೆಕ್‌ಗ್ರೆಗರನಿಗೆ ಅದು ಸೇರಲಿಲ್ಲ. ಆದರೆ ಸೂಡೆಲ್ ಸೂಚಿಸಿದ ‘ಫುಟ್‌ಬಾಲ್ ಲೀಗ್’ ಎಂಬ ಹೆಸರೇ ನಿಂತಿತು. ಸೂಡೆಲನೇ ಅದರ ಮೊದಲ ಖಜಾಂಚಿಯಾದನು. ಈ ಮಾತನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಆಟಕ್ಕೆ ಬಿಡುವಾಗಿ ದೊರೆತ ದಿನಗಳು 22. ಹನ್ನೆರಡು ತಂಡಗಳು ಎರಡೆರಡು ಸಲ ಆಡಿದರೆ ಪ್ರತಿಯೊಂದಕ್ಕೂ 22 ಪಂದ್ಯಗಳು. ಹೀಗೆ ಲೆಕ್ಕ ಸರಿಹೋಗಿ ಹನ್ನೆರಡೇ ತಂಡಗಳನ್ನು ತೆಗೆದುಕೊಂಡರು. ಲಂಕಾಷೈರಿನಿಂದ ಆರು: ಪ್ರೆಸ್ಟನ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್, ಬರ್ನ್‌ಲಿ, ಎವರ್ಟನ್, ಅಕ್ರಿಂಗ್‌ಟನ್. ನಡುನಾಡಿನಿಂದ ಆರು: ಆಸ್ಟನ್ ವಿಲ್ಲಾ, ವುಲ್ವರ್‌ಹ್ಯಾಂಪ್ಟನ್, ವೆಸ್ಟ್ ಬ್ರಾಮಿಚ್, ಡರ್ಬಿ, ಸ್ಟೋಕ್, ನಾಟ್ಸ್ ಕೌಂಟಿ. ಲಂಡನ್ನಿನ ಒಂದು ತಂಡವೂ ಇದರಲ್ಲಿಲ್ಲ. ಹೊಗೆಕೊಳವೆಗಳ ಊರುಗಳೇ ಸೇರಿ ಕಟ್ಟಿಕೊಂಡ ಕೂಟವಿದು.

1888ರ ಸೆಪ್ಟೆಂಬರ್ 8, ಶನಿವಾರ, ಐದು ಊರುಗಳಲ್ಲಿ ಆಟ ಆರಂಭವಾಯಿತು. ಬೋಲ್ಟನ್ನಿನಲ್ಲಿ ಊರಿನವರು ಮೊದಲು ಮೂರು ಗೋಲು ಹೊಡೆದು ಬೀಗಿದರು. ಆಟ ಮುಗಿದಾಗ ಡರ್ಬಿಯವರದು ಆರು, ಇವರದು ಅದೇ ಮೂರು. ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಮೈದಾನದಲ್ಲಿ ಎವರ್ಟನ್ ಗೆದ್ದಿತು. ಲಿವರ್‌ಪೂಲ್ ಎಂಬ ಕ್ಲಬ್ಬು ಹುಟ್ಟಿ ಆ ಮೈದಾನವನ್ನು ಸೇರಿದ್ದು 1892ರಲ್ಲಿ. ಪ್ರೆಸ್ಟನ್ನಿನವರು ತಮ್ಮ ಡೀಪ್‌ಡೇಲ್ ಮೈದಾನದಲ್ಲಿ ಬರ್ನ್‌ಲಿಯವರನ್ನು ಎರಡಕ್ಕೆ ಐದು ಗೋಲುಗಳಿಂದ ಸೋಲಿಸಿದರು.

ಇಂದಿನ ಆಟವನ್ನು ನೋಡಿ ಬಲ್ಲವರಿಗೆ ಅಂದಿನ ಮೈದಾನ ಅಪರಿಚಿತವೆನಿಸಬಹುದು. ಗೋಲಿಗೆ ಬಲೆಯಿಲ್ಲ, ಪೆನಾಲ್ಟಿ ಒದೆತವೆಂಬುದಿಲ್ಲ, ಎರಡೂ ಬಂದದ್ದು 1891ರಲ್ಲಿ. ಚೆಂಡು ಕಂಬಗಳ ಒಳಗೆ ಹೋಯಿತೆ ಹೊರಗೆ ಹೋಯಿತೆ ಎಂಬ ವ್ಯಾಜ್ಯ ಸಾಮಾನ್ಯ. ಮೈದಾನದೊಳಗೆ ಎರಡು ಕಡೆಯವರಿಗೂ ಒಬ್ಬೊಬ್ಬ ಅಂಪೈರ್. ಅವರಿಬ್ಬರಿಗೆ ಒಮ್ಮತವಾಗದಿದ್ದರೆ ಮಾತ್ರ ಹೊರಗೆ ನಿಂತ ರೆಫರಿ ತೀರ್ಪು ಹೇಳುವನು. ಗೋಲು ಕಾಯುವವನು ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿತ್ತು. ಮಳೆಯಲ್ಲಿ ತೊಯ್ದ ತೊಗಲಿನ ಚೆಂಡು ಕಲ್ಲಿನಂತೆ ಭಾರವಾಗುತ್ತಿತ್ತು. ಗಾಯಗೊಂಡವನ ಸ್ಥಾನಕ್ಕೆ ಬೇರೊಬ್ಬನು ಬರುವಂತಿರಲಿಲ್ಲ.

ಇನ್ನೊಂದು ಸೋಜಿಗವನ್ನು ಹೇಳಬೇಕು. ಆಟ ಶುರುವಾದಾಗ ಗೆಲವಿಗೆ ಎಷ್ಟು ಅಂಕ, ಸಮಕ್ಕೆ ಎಷ್ಟು ಅಂಕ ಎಂಬುದೇ ತೀರ್ಮಾನವಾಗಿರಲಿಲ್ಲ! ಗೆಲವುಗಳನ್ನಷ್ಟೇ ಎಣಿಸೋಣವೆಂದು ಕೆಲವರು, ಸಮಕ್ಕೂ ಬೆಲೆ ಕೊಡೋಣವೆಂದು ಕೆಲವರು. ಗೆಲವಿಗೆ ಎರಡು, ಸಮಕ್ಕೆ ಒಂದು ಎಂದು ಗೊತ್ತಾದುದು ನವೆಂಬರ್ ತಿಂಗಳಿನಲ್ಲಿ. ಅಷ್ಟರಲ್ಲಿ ಋತುವಿನ ಸುಮಾರು ಅರ್ಧದಷ್ಟು ಪಂದ್ಯಗಳ ಲೆಕ್ಕ ಬರೆದಾಗಿತ್ತು. ಮುಂದೆ ಜಗತ್ತೆಲ್ಲ ಅನುಸರಿಸಿದ ಏರ್ಪಾಟು ಹೀಗೆ ನಡೆನಡೆಯುತ್ತಲೇ ದಾರಿ ಕಂಡುಕೊಂಡಿತು.

ಪ್ರೆಸ್ಟನ್ ತಂಡದ ಆಟಗಾರರನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ. ಮುಂದಾಳಾಗಿ ಗೋಲು ಹೊಡೆಯುವುದರಲ್ಲಿ ಜಾನ್ ಗುಡಾಲ್ ಎಲ್ಲರಿಗಿಂತ ಮೇಲು. ಸ್ಕಾಟಿಷ್ ತಂದೆತಾಯಿಗಳ ಮಗನಾದ ಈತನು ಬೆಳೆದು ಆಟ ಕಲಿತದ್ದು ಸ್ಕಾಟ್ಲೆಂಡಿನಲ್ಲಿ; ಆದರೆ ಹುಟ್ಟಿದ್ದು ಲಂಡನ್ನಿನಲ್ಲಿ; ಆದುದರಿಂದ ದೇಶದ ತಂಡದಲ್ಲಿ ಆಡಿದ್ದು ಇಂಗ್ಲೆಂಡಿನ ಪರವಾಗಿ. ಜಿಮ್ಮಿ ರಾಸ್ ಎಂಬ ಸ್ಕಾಟನು ಅವನಿಗೆ ಸರಿಜೋಡಿ. ಹಿಂಬದಿಯಲ್ಲಿ ಊರಿನವರೇ ಆದ ಹೋವರ್ತ್, ಹೋಮ್ಸ್. ಗೋಲು ಕಾಯುವವರು ವೇಲ್ಸ್ ಪ್ರಾಂತದ ಇಬ್ಬರು: ಲೀಗಿನಲ್ಲಿ ಹೆಚ್ಚಾಗಿ ಜೇಮ್ಸ್ ಟ್ರೇನರ್, ಕಪ್ಪಿನಲ್ಲಿ ವೈದ್ಯವಿದ್ಯೆ ಕಲಿತ ಮಿಲ್ಸ್ ರಾಬರ್ಟ್ಸ್. ನಾಯಕನಾದ ಫ್ರೆಡ್ ಡ್ಯೂಹರ್ಸ್ಟ್ ಶಾಲೆಯ ಉಪಾಧ್ಯಾಯ; ಹಣ ಪಡೆಯದೆ ಆಡಿದವನು. ಕೂಲಿಯವನೂ ಉಪಾಧ್ಯಾಯನೂ ವೈದ್ಯನೂ ಒಂದೇ ಅಂಗಿ ತೊಟ್ಟು ಒಬ್ಬರಿಗೊಬ್ಬರು ಚೆಂಡನ್ನು ದಾಟಿಸುತ್ತಿದ್ದರು. ಮಂಡಲಿಯ ಹಿರಿಯರು ಅಂಜಿದ್ದ ಅನಾಹುತವೇನೂ ಆಗಲಿಲ್ಲ.

ಆದರೆ ಈ ತಂಡದ ಹಳೆಯ ನಾಯಕ, ಜಿಮ್ಮಿಯ ಅಣ್ಣ ನಿಕ್ ರಾಸ್, ಆ ಒಂದು ಋತುವಿಗೆ ಮಾತ್ರ ಎವರ್ಟನ್ನಿಗೆ ಹೋಗಿದ್ದನು. ತಂಡವನ್ನು ಹುರಿಗೊಳಿಸಿದವರಲ್ಲಿ ಒಬ್ಬನಾದ ಅವನಿಗೆ, ಆ ತಂಡ ಅಜೇಯವೆನಿಸಿದ ವರ್ಷದ ಕೀರ್ತಿಯಲ್ಲಿ ಪಾಲು ದೊರೆಯಲಿಲ್ಲ. ಮರುವರ್ಷ ಹಿಂದಿರುಗಿದನು, ಕ್ಷಯರೋಗದಿಂದ 1894ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು.

ಅಕ್ಟೋಬರ್ 6ರಂದು ಸ್ಟೋಕ್ ತಂಡವು ಡೀಪ್‌ಡೇಲಿಗೆ ಬಂದಾಗ ಇಬ್ಬರು ಆಟಗಾರರು ಕಡಿಮೆಯಿದ್ದರು. ಪ್ರೆಸ್ಟನ್ನಿನವರು ತಮ್ಮ ಎರಡನೆಯ ದರ್ಜೆಯ ಇಬ್ಬರನ್ನು ಎರವಲು ಕೊಟ್ಟು, ಆಮೇಲೆ ಏಳು ಗೋಲು ಹೊಡೆದು ಗೆದ್ದರು. ಅವುಗಳಲ್ಲಿ ನಾಲ್ಕು ಜಿಮ್ಮಿ ರಾಸನವು. ಎದುರಾಳಿಗೆ ಆಳು ಕೊಟ್ಟ ಔದಾರ್ಯವೂ, ಅವರನ್ನು ಕನಿಕರವಿಲ್ಲದೆ ಸೋಲಿಸಿದ ಕಾಠಿನ್ಯವೂ ಒಂದೇ ಮಧ್ಯಾಹ್ನ ಕಂಡುಬಂದುವು. ಅಕ್ಟೋಬರ್ 20ರಂದು ಮೊದಲ ಬಾರಿಗೆ ಅಕ್ರಿಂಗ್‌ಟನ್ ಎಂಬ ಸಣ್ಣ ಊರು ಅವರ ಓಟವನ್ನು ತಡೆದು, ಗೋಲಿಲ್ಲದೆ ಆಟವನ್ನು ಸಮ ಮಾಡಿತು. ಆಸ್ಟನ್ ವಿಲ್ಲಾ, ಬರ್ನ್‌ಲಿ, ಬ್ಲ್ಯಾಕ್‌ಬರ್ನ್ ರೋವರ್ಸ್, ಇವೂ ಒಂದೊಂದು ಸಲ ಸಮ ಮಾಡಿಕೊಂಡುವು. ಅವರನ್ನು ಸೋಲಿಸಿದವರು ಮಾತ್ರ ಯಾರೂ ಇಲ್ಲ. 1889ರ ಜನವರಿ 5ರಂದು ನಾಟ್ಸ್ ಕೌಂಟಿಯನ್ನು ಸೋಲಿಸಿದಾಗ, ಇನ್ನೂ ಪಂದ್ಯಗಳು ಉಳಿದಿರುವಾಗಲೇ, ಲೀಗು ಅವರದಾಯಿತು. ಕಡೆಯ ಲೆಕ್ಕ ಹೀಗಿದೆ: ಆಡಿದ ಪಂದ್ಯಗಳು 22, ಗೆದ್ದವು 18, ಸಮವಾದವು 4, ಸೋತದ್ದು ಸೊನ್ನೆ. ಹೊಡೆದ ಗೋಲುಗಳು 74, ಬಿಟ್ಟುಕೊಟ್ಟವು 15, ಅಂಕಗಳು 40. ಎರಡನೆಯ ಸ್ಥಾನದಲ್ಲಿದ್ದ ಆಸ್ಟನ್ ವಿಲ್ಲಾದ ಅಂಕಗಳು 29.

ಇನ್ನು ಕಪ್ಪು. ಹಿಂದಿನ ವರ್ಷ, 1888ರ ಅಂತಿಮ ಪಂದ್ಯದಲ್ಲಿ, ಪ್ರೆಸ್ಟನ್ನಿನವರಿಗೆ ಒಂದು ಪಾಠವಾಗಿತ್ತು. ಗೆಲ್ಲುವುದು ತಾವೇ ಎಂಬ ನಂಬಿಕೆಯಿಂದ ಅವರು, ಬಟ್ಟೆ ಕೊಳೆಯಾಗುವ ಮೊದಲೇ ಕಪ್ಪಿನೊಡನೆ ಭಾವಚಿತ್ರ ತೆಗೆಸಿಕೊಳ್ಳಲು ಅಪ್ಪಣೆ ಬೇಡಿದರಂತೆ. ಮೊದಲು ಅದನ್ನು ಗೆದ್ದುಕೊಳ್ಳುವುದು ಲೇಸಲ್ಲವೆ ಎಂದು ರೆಫರಿ ಮೇಜರ್ ಮರಿಂಡಿನ್ ಕೇಳಿದನೆಂದು ಐತಿಹ್ಯ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ವೆಸ್ಟ್ ಬ್ರಾಮಿಚ್ ತಂಡವು ಒಂದಕ್ಕೆ ಎರಡು ಗೋಲುಗಳಿಂದ ಗೆದ್ದು ಕಪ್ಪನ್ನು ಕೊಂಡೊಯ್ದಿತು.

ಈ ಸಲ ಅಂತಹ ಮಾತೇನೂ ಕೇಳಿಬರಲಿಲ್ಲ. ಅರೆ ಅಂತಿಮ ಪಂದ್ಯದಲ್ಲಿ ಅದೇ ವೆಸ್ಟ್ ಬ್ರಾಮಿಚ್ ತಂಡವನ್ನು ಒಂದೇ ಗೋಲಿನಿಂದ ದಾಟಿ, 1889ರ ಮಾರ್ಚಿ 30ರಂದು ಲಂಡನ್ನಿನ ಕೆನಿಂಗ್‌ಟನ್ ಓವಲ್ ಮೈದಾನದಲ್ಲಿ ಸುಮಾರು 22,000 ಜನರೆದುರು ವುಲ್ವರ್‌ಹ್ಯಾಂಪ್ಟನ್ ತಂಡವನ್ನು ಎದುರಿಸಿದರು. ಡ್ಯೂಹರ್ಸ್ಟ್, ಜಿಮ್ಮಿ ರಾಸ್, ಥಾಮ್ಸನ್ ಒಂದೊಂದು ಗೋಲು ಹೊಡೆದರು, ಎದುರಾಳಿಗಳದು ಸೊನ್ನೆ. ಕಪ್ಪಿನ ಐದು ಪಂದ್ಯಗಳಲ್ಲಿ ಒಂದು ಗೋಲನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ. ಲೀಗು, ಕಪ್ಪು, ಎರಡೂ ಒಂದೇ ಋತುವಿನಲ್ಲಿ ಒಂದೇ ತಂಡಕ್ಕೆ! ‘ಅಜೇಯರು’ ಎಂಬ ಬಿರುದು ಅವರಿಗೆ ನಿಂತಿತು. ಇಂಗ್ಲೆಂಡಿನ ಮೇಲಿನ ದರ್ಜೆಯ ಲೀಗನ್ನು ಸೋಲಿಲ್ಲದೆ ಮುಗಿಸಿದ ಇನ್ನೊಂದು ತಂಡವನ್ನು ನೋಡಲು 115 ವರ್ಷ ಕಾಯಬೇಕಾಯಿತು. 2003–04ರಲ್ಲಿ ಲಂಡನ್ನಿನ ಆರ್ಸೆನಲ್ ತಂಡವು 38 ಪಂದ್ಯಗಳನ್ನು ಸೋಲದೆ ಆಡಿತು. ಆದರೆ ಆ ವರ್ಷ ಅದಕ್ಕೆ ಕಪ್ಪು ದೊರೆಯಲಿಲ್ಲ.

ಮಹನೀಯರೆ, ಗೆದ್ದವರ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳಲು ಇಂಪಾಗಿರುತ್ತದೆ; ಪೂರ್ತಿಯಾಗಿರುವುದಿಲ್ಲ. ಮರುವರ್ಷವೂ ಪ್ರೆಸ್ಟನ್ ಲೀಗನ್ನು ಗೆದ್ದಿತು. ಅದೇ ಕೊನೆ, ಆ ಮೇಲೆ ಈವರೆಗೆ ಆ ಪದವಿ ಅವರಿಗೆ ಮತ್ತೆ ಬಂದಿಲ್ಲ. ಹಣ ಕೊಡುವುದು ಎಲ್ಲರಿಗೂ ನ್ಯಾಯವಾದ ಮೇಲೆ, ಹೆಚ್ಚು ಜನ ಸೇರುವ ದೊಡ್ಡ ನಗರಗಳೇ ಹೆಚ್ಚು ಕೊಡಬಲ್ಲವು. ಗುಡಾಲ್ 1889ರಲ್ಲಿಯೇ ಡರ್ಬಿಗೆ ಹೋದನು. ಯಾವ ಬಾಗಿಲನ್ನು ಸೂಡೆಲ್ ಹೋರಾಡಿ ತೆರೆದನೋ ಅದೇ ಬಾಗಿಲಿನಿಂದ ಅವನ ಆಟಗಾರರು ಹೊರಗೆ ನಡೆದರು. 1893ರಲ್ಲಿ ಕ್ಲಬ್ಬು ಕಂಪೆನಿಯಾಗಿ ಮಾರ್ಪಟ್ಟಾಗ ಅವನ ಆಳಿಕೆ ಮುಗಿಯಿತು.

1895ರಲ್ಲಿ ಗಿರಣಿಯ ಲೆಕ್ಕಪತ್ರಗಳ ಗುಟ್ಟು ಬಯಲಾಯಿತು. ವ್ಯವಸ್ಥಾಪಕನಾಗಿದ್ದ ಸೂಡೆಲ್, ವರ್ಷಗಳಿಂದ, 5,000 ಪೌಂಡುಗಳಿಗೂ ಮಿಕ್ಕ ಹಣವನ್ನು ಗಿರಣಿಯಿಂದ ಅಪಹರಿಸಿದ್ದನು. ಅದರಲ್ಲಿ ಬಹಳಷ್ಟು ಕಾಲ್ಚೆಂಡಾಟಕ್ಕೂ ಆ ಸಂಬಂಧವಾದ ಆತಿಥ್ಯಕ್ಕೂ ಕರಗಿಹೋಯಿತೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನ್ಯಾಯಾಲಯವು ಅವನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಬಿಡುಗಡೆಯಾದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋಗಿ, ವೃತ್ತಪತ್ರಿಕೆಯಲ್ಲಿ ಬರೆಯುತ್ತ ಕಾಲ ಕಳೆದು, 1911ರಲ್ಲಿ ಕೇಪ್‌ಟೌನಿನಲ್ಲಿ ತೀರಿಕೊಂಡನು. ಲೀಗಿಗೆ ಮೊದಲ ಕಾಗದ ಬರೆದ ಮೆಕ್‌ಗ್ರೆಗರ್ ಕಾಲವಾದದ್ದೂ ಅದೇ ವರ್ಷ, ಎಲ್ಲರ ಗೌರವಕ್ಕೆ ಪಾತ್ರನಾಗಿ.

ಈ ಇಬ್ಬರು ವಿಲಿಯಮರಲ್ಲಿ ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ತೆಗಳುವುದು ಸುಲಭ. ಸೂಡೆಲ್ ಮಾಡಿದ್ದು ಕಳವು. ಅದಕ್ಕೆ ಬೇರೆ ಹೆಸರಿಲ್ಲ. ಗಿರಣಿಯ ಹಣವೆಂದರೆ ಕಟ್ಟಕಡೆಗೆ ಮಗ್ಗದ ಮುಂದೆ ನಿಂತವರ ಬೆವರು. ಅವರೇ ಶನಿವಾರ ಮಧ್ಯಾಹ್ನ ಮತ್ತೆ ಕಾಸು ಕೊಟ್ಟು ಒಳಗೆ ಬಂದು, ಆ ತಂಡಕ್ಕೆ ಜಯಕಾರ ಕೂಗಿದರು. ಒಂದೇ ಆಟಕ್ಕೆ ಎರಡು ಸಲ ಬೆಲೆ ತೆತ್ತರು. ಆದರೆ ಇದೇ ಸೂಡೆಲ್ 1884ರಲ್ಲಿ ಮಂಡಲಿಯ ಮುಂದೆ, ಎಲ್ಲರೂ ಸುಳ್ಳು ಹೇಳುತ್ತಿದ್ದಾಗ, ನಿಜವನ್ನು ನುಡಿದವನು. ದುಡಿದು ತಿನ್ನುವವನಿಗೂ ಆಟವನ್ನು ವೃತ್ತಿಯಾಗಿ ಹಿಡಿಯುವ ಹಕ್ಕುಂಟೆಂದು ಸಾಧಿಸಿದವನು. ಇತರರ ಹಣದ ವಿಷಯದಲ್ಲಿ ಬಾಯಿಬಿಟ್ಟವನು ತನ್ನ ಲೆಕ್ಕದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡನು. ಒಂದು ನಿಜವನ್ನು ಹೇಳಿದ ಧೈರ್ಯ, ಮತ್ತೊಂದನ್ನು ಹೇಳುವ ಹೊತ್ತಿಗೆ ಅವನಲ್ಲಿ ಉಳಿದಿರಲಿಲ್ಲ. ಗೆಲವಿನ ಹಸಿವು ಹೀಗೆ ಒಳ್ಳೆಯ ಗುಣವನ್ನೇ ಒಳಗಿನಿಂದ ತಿಂದುಬಿಡಬಲ್ಲುದು.

ಅವರು ಕಟ್ಟಿದ ಏರ್ಪಾಟು ಮಾತ್ರ ಅವರನ್ನು ಮೀರಿ ಬೆಳೆಯಿತು. ಹನ್ನೆರಡು ಕ್ಲಬ್ಬುಗಳಲ್ಲಿ, ಅಜೇಯರನ್ನು ಮೊದಲು ತಡೆದ ಅಕ್ರಿಂಗ್‌ಟನ್ 1893ರಲ್ಲಿ ಲೀಗನ್ನು ಬಿಟ್ಟು ಕೆಲವು ವರ್ಷಗಳಲ್ಲಿ ಅಳಿಯಿತು. ಮಿಕ್ಕ ಹನ್ನೊಂದು ಇಂದಿಗೂ ಆಡುತ್ತಿವೆ. ಆ ಲೀಗು ಆರಂಭವಾದ 1888ರಲ್ಲಿಯೇ ನಮ್ಮ ದೇಶದ ಸಿಮ್ಲಾದಲ್ಲಿ ಡ್ಯೂರಾಂಡ್ ಕಪ್ಪಿನ ಪಂದ್ಯಗಳೂ ಮೊದಲಾದುವು. ಆಗ ಅದು ಬ್ರಿಟಿಷ್ ಸೈನಿಕರ ಆಟ. ಐವತ್ತು ವರ್ಷ ತುಂಬುವ ಮೊದಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ನಿಯಮ ಬರೆದವರು ಯಾರೇ ಆಗಲಿ, ಆಟವು ಕಡೆಗೆ ಸೇರುವುದು ಅದನ್ನು ಚೆನ್ನಾಗಿ ಆಡುವವರಿಗೆ.

ಮುಂದೆ ತಾವು ಯಾವುದಾದರೂ ಲೀಗಿನ ಅಂಕಪಟ್ಟಿಯನ್ನು ವೃತ್ತಪತ್ರಿಕೆಯಲ್ಲಿ ನೋಡುವಾಗ, ಬರ್ಮಿಂಗ್‌ಹ್ಯಾಮಿನ ಬಟ್ಟೆ ವ್ಯಾಪಾರಿಯನ್ನು ನೆನೆಯಿರಿ. ಅದರ ಜೊತೆಗೆ, ಸೋಲಿಲ್ಲದ ತಂಡವನ್ನು ಕಟ್ಟಿ ತಾನೇ ಸೋತುಹೋದ ಪ್ರೆಸ್ಟನ್ನಿನ ಆ ಖಜಾಂಚಿಯನ್ನೂ ಒಂದು ಕ್ಷಣ ನೆನೆಯಿರಿ. ಗೋಲುಗಳ ಲೆಕ್ಕವನ್ನು ಪತ್ರಿಕೆಗಳು ಬರೆದಿಟ್ಟಿವೆ. ಆ ಗೋಲುಗಳಿಗೆ ಬೆಲೆ ಕೊಟ್ಟವರ ಲೆಕ್ಕವನ್ನೂ ನಾವು ಕೇಳಬೇಕು.